‘ಲಾಂಗ್ ಲಾಸ್ಟಿಂಗ್’ ಚರಂಡಿ ಅಂತ ಬರೆದು ನಗೆಪಾಟಲಾದೆ. ಸರಿಯಾದ ಪದ ಯಾವುದು?

ನಾಲ್ಕನೇ_ಅಡ್ಡರಸ್ತೆ

ನಮ್ಮ ಬೀದಿಯ ಚರಂಡಿ ಆರು ವರ್ಷದಿಂದ ಕಟ್ಟಿಕೊಂಡೇ ಇದೆ. ಜೋರು ಮಳೆ ಬಂದರೆ ನೀರು ಗೇಟು ದಾಟಿ ಒಳಗೆ ಬರುತ್ತದೆ. ಕನ್ನಡದಲ್ಲಿ ಎರಡು ಸಲ ಮನವಿ ಕೊಟ್ಟಾಯಿತು. ಈ ಸಲ ಇಮೇಲ್ ಹಾಕೋಣ, ಮೇಲಿನವರಿಗೆಲ್ಲ ಒಂದೊಂದು ಪ್ರತಿ ಹೋಗಲಿ, ಇಂಗ್ಲಿಷಿನಲ್ಲೇ ಇರಲಿ ಅಂತ ಬೀದಿಯವರು ತೀರ್ಮಾನ ಮಾಡಿದರು. ಬರೆಯುವ ಕೆಲಸ ನನ್ನ ತಲೆಗೆ ಬಂತು.

ನಾನು ಬರೆದ ಮೊದಲ ಸಾಲು ಇದು: ‘ವಿ ರಿಕ್ವೆಸ್ಟ್ ಯು ಟು ಸಾಲ್ವ್ ಅವರ್ ಲಾಂಗ್ ಲಾಸ್ಟಿಂಗ್ ಡ್ರೈನೇಜ್ ಪ್ರಾಬ್ಲಮ್.’

ವಾಟ್ಸಾಪ್ ಗುಂಪಿಗೆ ಹಾಕಿದ ಎರಡೇ ನಿಮಿಷಕ್ಕೆ ಎದುರುಮನೆಯ ಕಾಲೇಜು ಹುಡುಗಿ, ‘ಅಂಕಲ್, ಇದು ಸೆಂಟಿನ ಜಾಹೀರಾತು ಇದ್ದ ಹಾಗಿದೆ. ಲಾಂಗ್ ಲಾಸ್ಟಿಂಗ್ ಪರಿಮಳ!’ ಅಂದಳು. ಆಮೇಲೆ ಇಡೀ ಬೀದಿ ನಕ್ಕಿತು. ನಮ್ಮ ಚರಂಡಿಯ ಪರಿಮಳ ನಿಜಕ್ಕೂ ಲಾಂಗ್ ಲಾಸ್ಟಿಂಗೇ, ಅದು ಬೇರೆ ಮಾತು.

ಈಗ ನನ್ನ ಪ್ರಶ್ನೆ. ‘ಲಾಸ್ಟ್’ ಅಂದರೆ ಉಳಿ, ಬಾಳು ಅಂತ ತಾನೆ? ಬಹಳ ದಿನ ಉಳಿದುಕೊಂಡ ಸಮಸ್ಯೆ ಲಾಂಗ್-ಲಾಸ್ಟಿಂಗ್ ಯಾಕಲ್ಲ? ‘ಲಾಂಗ್-ಸ್ಟ್ಯಾಂಡಿಂಗ್’ ಹಾಕಿ ಅಂತಾರೆ. ಎರಡಕ್ಕೂ ಏನು ವ್ಯತ್ಯಾಸ? ನಡುವೆ ಅಡ್ಡಗೀಟು ಬೇಕೋ ಬೇಡವೋ?

ಲಾಂಗೂ_ಮಚ್ಚೂ

ನನಗೆ ಗೊತ್ತಿರೋ ಲಾಂಗ್ ಒಂದೇ, ಅದು ಸಿನಿಮಾದಲ್ಲಿ ಬೆನ್ನಹಿಂದಿನಿಂದ ಹೊರಗೆ ಬರುತ್ತೆ. ಚರಂಡಿ ವಿಷಯಕ್ಕೆ ಅದೇ ಸರಿ ಅನ್ನಿಸುತ್ತೆ.

ಡೆಸ್ಕ್_ರಾತ್ರಿಪಾಳಿ

ಇಪ್ಪತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿದವನು ನಾನು. ಈ ಎರಡು ಪದ ದಿನಾ ಎದುರಾಗುತ್ತವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

‘ಲಾಂಗ್-ಸ್ಟ್ಯಾಂಡಿಂಗ್’ ಪದದ ಮುಖ ಹಿಂದಕ್ಕೆ ತಿರುಗಿರುತ್ತದೆ. ಯಾವಾಗಲೋ ಶುರುವಾಗಿದೆ, ಈಗಲೂ ಇದೆ, ಹಾಗೇ ನಿಂತಿದೆ. ಕಾವೇರಿ ನೀರಿನ ಜಗಳ ತಗೊಳ್ಳಿ. 1892ರಲ್ಲಿ ಮದ್ರಾಸಿಗೂ ಮೈಸೂರಿಗೂ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಮಳೆ ಕೈಕೊಟ್ಟ ವರ್ಷ ಮತ್ತೆ ಶುರು. ಇಂಗ್ಲಿಷ್ ಪತ್ರಿಕೆಗಳು ಇದನ್ನು ಲಾಂಗ್-ಸ್ಟ್ಯಾಂಡಿಂಗ್ ಡಿಸ್ಪ್ಯೂಟ್ ಅಂತಲೇ ಬರೆಯೋದು.

‘ಲಾಂಗ್-ಲಾಸ್ಟಿಂಗ್’ ಹೇಳೋದು ಬಾಳಿಕೆಯನ್ನು. ಒಂದು ವಸ್ತು ಅಥವಾ ಪರಿಣಾಮ ಎಷ್ಟು ಕಾಲ ತಡೆಯುತ್ತದೆ ಅನ್ನೋದು ಅಲ್ಲಿ ಮುಖ್ಯ. ಬ್ಯಾಟರಿ, ಬಣ್ಣ, ಸೆಂಟು, ಔಷಧದ ಗುಣ, ಗಾಯದ ಕಲೆ.

ಕನ್ನಡದಲ್ಲಿ ನಾವು ಈ ಎರಡನ್ನೂ ಯಾವತ್ತೂ ಕಲಸಿಕೊಳ್ಳುವುದಿಲ್ಲ, ಗಮನಿಸಿ. ‘ಬಹುದಿನಗಳ ಬೇಡಿಕೆ’ ಅಂತೀವಿ. ‘ಬಾಳಿಕೆ ಬರುವ ಬೇಡಿಕೆ’ ಅಂತ ಯಾರಾದರೂ ಅಂತಾರಾ? ‘ಬಾಳಿಕೆ ಬರುವ ಚಪ್ಪಲಿ’ ಅಂತೀವಿ. ‘ಬಹುದಿನಗಳ ಚಪ್ಪಲಿ’ ಅಂದರೆ ಅದು ಹಳೇ ಚಪ್ಪಲಿ! ನೀವು ಇಂಗ್ಲಿಷಿನಲ್ಲಿ ಬರೆದಿದ್ದು ‘ಬಾಳಿಕೆ ಬರುವ ಚರಂಡಿ ಸಮಸ್ಯೆ’ ಅಂತ. ಅದಕ್ಕೇ ಹುಡುಗಿ ನಕ್ಕಿದ್ದು.

ಅನುಮಾನ ಬಂದಾಗ ನಾನು ಮಾಡೋದು ಇಷ್ಟೇ. ಮನಸ್ಸಲ್ಲಿ ಕನ್ನಡದಲ್ಲಿ ಹೇಳಿ ನೋಡುತ್ತೇನೆ. ‘ಬಹುದಿನಗಳ’, ‘ಬಹುಕಾಲದ’ ಕೂತರೆ ಸ್ಟ್ಯಾಂಡಿಂಗ್. ‘ಬಾಳಿಕೆ ಬರುವ’, ‘ಬಹಳ ದಿನ ಉಳಿಯುವ’ ಕೂತರೆ ಲಾಸ್ಟಿಂಗ್.

ನಾಲ್ಕನೇ_ಅಡ್ಡರಸ್ತೆ

ಆಹಾ, ಚಪ್ಪಲಿ ಉದಾಹರಣೆಯಲ್ಲಿ ಬಿತ್ತು ತಲೆಗೆ. ಥ್ಯಾಂಕ್ಸ್ ಸರ್.

ಕೋಲಾರ_ಮಾವು

ಇದಕ್ಕೆ ಇನ್ನೂ ಸುಲಭದ ಲೆಕ್ಕ ಇದೆ. ಒಳ್ಳೇದಕ್ಕೆಲ್ಲ ಲಾಂಗ್-ಲಾಸ್ಟಿಂಗ್, ಕೆಟ್ಟದ್ದಕ್ಕೆಲ್ಲ ಲಾಂಗ್-ಸ್ಟ್ಯಾಂಡಿಂಗ್. ಜಾಹೀರಾತು ನೋಡಿದರೆ ಗೊತ್ತಾಗುತ್ತೆ. ಮುಗೀತು.

ಡೆಸ್ಕ್_ರಾತ್ರಿಪಾಳಿ

ಮುಗಿಯಲಿಲ್ಲ ಮಾರಾಯರೇ. ‘ಲಾಂಗ್-ಸ್ಟ್ಯಾಂಡಿಂಗ್ ಫ್ರೆಂಡ್‌ಶಿಪ್’ ಅಂದರೆ ಕೆಟ್ಟ ಗೆಳೆತನವೇ? ‘ಲಾಂಗ್-ಲಾಸ್ಟಿಂಗ್ ಡ್ಯಾಮೇಜ್’ ಅಂದರೆ ಒಳ್ಳೇ ಹಾನಿಯೇ?

ಕೊಕ್ಕಡದ_ಕಡೆಯವ

ಈ ಮಾತಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ನಗುವ ವಿಷಯ ಅಲ್ಲ, ಆದರೆ ಇಷ್ಟು ಸ್ಪಷ್ಟವಾದದ್ದು ನನಗೆ ಬೇರೆ ತೋಚುತ್ತಿಲ್ಲ.

ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ನಮ್ಮ ಕೊಕ್ಕಡದ ಸುತ್ತಮುತ್ತ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುತ್ತಿದ್ದರು. ಸಿಂಪಡಣೆ ನಿಂತು ಎಷ್ಟೋ ವರ್ಷವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಆದರೆ ಹಾಸಿಗೆ ಹಿಡಿದ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾದರು. ಇದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಬರಹಗಳಲ್ಲಿ ‘ಲಾಂಗ್-ಲಾಸ್ಟಿಂಗ್ ಎಫೆಕ್ಟ್ಸ್’ ಅಂತ ಇರುತ್ತದೆ. ಕಾರಣ ಮುಗಿದಿದೆ, ಅದರ ಫಲ ಉಳಿದಿದೆ. ಅಲ್ಲಿ ಲಾಸ್ಟಿಂಗ್ ಸರಿ.

ಅದೇ ಬರಹದಲ್ಲಿ ಕೆಳಗೆ, ಸಂತ್ರಸ್ತರಿಗೆ ಪರಿಹಾರ ಕೊಡಿ, ಶಾಶ್ವತ ಪಾಲನಾ ಕೇಂದ್ರ ಕಟ್ಟಿಸಿ ಅನ್ನೋದಕ್ಕೆ ‘ಲಾಂಗ್-ಸ್ಟ್ಯಾಂಡಿಂಗ್ ಡಿಮ್ಯಾಂಡ್’ ಅಂತ ಇರುತ್ತದೆ. ಕೇಳಿ ಕೇಳಿ ಸಾಕಾದ ಬೇಡಿಕೆ. ಒಂದೇ ದುರಂತ, ಎರಡು ಪದ. ಅದಲು ಬದಲು ಮಾಡಿ ನೋಡಿ. ‘ಲಾಂಗ್-ಲಾಸ್ಟಿಂಗ್ ಡಿಮ್ಯಾಂಡ್’ ಅಂದರೆ ಈ ಬೇಡಿಕೆ ಇನ್ನೂ ಬಹಳ ಕಾಲ ಬಾಳಲಿ ಅಂತ ಹರಸಿದ ಹಾಗೆ ಆಗುತ್ತೆ.

ಕೋಲಾರ_ಮಾವು

ಸರಿ. ನನ್ನ ಲೆಕ್ಕ ವಾಪಸ್ ತಗೊಂಡೆ.

ಮಾತ್ರೆ_ಡಬ್ಬಿ

ನಾನು ಮೆಡಿಕಲ್ ಶಾಪಿನವನು. ನಮ್ಮಲ್ಲಿ ಇನ್ನೊಂದು ಪದ ಓಡಾಡುತ್ತೆ, ‘ಲಾಂಗ್-ಆಕ್ಟಿಂಗ್’. ಇನ್ಸುಲಿನ್ ಗ್ಲಾರ್ಜಿನ್ ಅಂತ ಬರುತ್ತೆ. ದಿನಕ್ಕೊಂದು ಸಲ ಚುಚ್ಚಿದರೆ ಸುಮಾರು 24 ಗಂಟೆ ಕೆಲಸ ಮಾಡುತ್ತೆ. ಅದು ಲಾಂಗ್-ಆಕ್ಟಿಂಗ್ ಇನ್ಸುಲಿನ್. ಊಟಕ್ಕೆ ಮುಂಚೆ ತಗೊಳ್ಳೋದು ಬೇರೆ. ಒಬ್ಬರು ಬಂದು ‘ಲಾಂಗ್ ಲಾಸ್ಟಿಂಗ್ ಇನ್ಸುಲಿನ್ ಕೊಡಿ’ ಅಂದರು. ನಾನು ಪೆಟ್ಟಿಗೆಯ ಎಕ್ಸ್‌ಪೈರಿ ತಾರೀಖು ತೋರಿಸಿದೆ, ಅವರಿಗೆ ಬೇಕಾಗಿದ್ದು ಬೇರೆ. ಚೀಟಿ ನೋಡಿದ ಮೇಲೆ ಗೊತ್ತಾಯಿತು.

ಇನ್ನು ಮಲೇರಿಯಾ ಇರುವ ಕಡೆ ಕೊಡುವ ಸೊಳ್ಳೆಪರದೆಗೆ ಹೆಸರೇ ‘ಲಾಂಗ್-ಲಾಸ್ಟಿಂಗ್ ಇನ್ಸೆಕ್ಟಿಸೈಡಲ್ ನೆಟ್’. ನೂಲಿನಲ್ಲೇ ಔಷಧ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆ ಹೆಸರು ಹಾಕಿಕೊಳ್ಳಬೇಕಾದರೆ ಕನಿಷ್ಠ 20 ಸಲ ಒಗೆದರೂ, 3 ವರ್ಷ ಬಳಸಿದರೂ ಔಷಧದ ಗುಣ ಉಳಿದಿರಬೇಕು. ಅಂದರೆ ಇಲ್ಲಿ ‘ಲಾಂಗ್’ ಅಂದರೆ ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. ಸೆಂಟಿನ ಬಾಟಲಿಯ ಮೇಲಿನ ಲಾಂಗ್-ಲಾಸ್ಟಿಂಗ್‌ಗೆ ಆ ಲೆಕ್ಕ ಇಲ್ಲ. ಬೆಳಿಗ್ಗೆ ಹಾಕಿದ್ದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ದಾಟೋದಿಲ್ಲ.

ಮೈಸೂರು_ಮಸಾಲೆ

ಬಾಳಿಕೆ ಅಂದ ಮೇಲೆ ನಮ್ಮೂರಿನದು ಬರಲೇಬೇಕು. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ. 1962ರ ಮಹಾಚುನಾವಣೆಯಿಂದ ಈ ಶಾಯಿ ಬಳಕೆಗೆ ಬಂತು. ಒಳಗಿರೋದು ಸಿಲ್ವರ್ ನೈಟ್ರೇಟ್. ಬಿಸಿಲು ತಾಗಿದರೆ ಕಪ್ಪಾಗುತ್ತೆ, ಸೋಪು ಹಾಕಿ ಉಜ್ಜಿದರೂ ಹೋಗೋದಿಲ್ಲ.

ಇದನ್ನು ಇಂಗ್ಲಿಷಿನಲ್ಲಿ ‘ಇನ್‌ಡೆಲಿಬಲ್’ ಅಂತಾರೆ, ಅಳಿಸಲಾಗದ್ದು ಅಂತ. ಆದರೆ ಚರ್ಮದ ಮೇಲಿಂದ ಕೆಲವು ದಿನಕ್ಕೆ ಹೋಗುತ್ತೆ. ಉಗುರಿನ ಮೇಲಿದ್ದದ್ದು ಉಗುರು ಬೆಳೆದ ಹಾಗೆ ಮೇಲೆ ಮೇಲೆ ಹೋಗಿ ಕೊನೆಗೆ ನೇಲ್‌ಕಟರಿನಲ್ಲಿ ಬೀಳುತ್ತೆ. ಹಾಗಾಗಿ ಪ್ರಾಮಾಣಿಕವಾಗಿ ಹೇಳಬೇಕಂದರೆ ಅದು ಲಾಂಗ್-ಲಾಸ್ಟಿಂಗ್ ಶಾಯಿ. ಗೆದ್ದವರ ಭರವಸೆಗಿಂತ ಜಾಸ್ತಿ ದಿನ ಬಾಳುತ್ತೆ ಅನ್ನೋದು ಮಾತ್ರ ಖಂಡಿತ.

ಹೆಡ್‌ಮೇಷ್ಟ್ರು_ರಿಟೈರ್ಡ್

ನಮಸ್ಕಾರ. ಮೊಮ್ಮಗ ಈ ಚರ್ಚೆ ತೋರಿಸಿದ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಅಡ್ಡಗೀಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಎರಡು ಪದ ಸೇರಿ ಒಂದೇ ವಿಶೇಷಣವಾಗಿ ನಾಮಪದದ ಮುಂದೆ ಕೂತರೆ ನಡುವೆ ಗೀಟು ಬೇಕು. ‘ಲಾಂಗ್-ಲಾಸ್ಟಿಂಗ್ ಪೇಂಟ್’, ‘ಲಾಂಗ್-ಟರ್ಮ್ ಲೋನ್’. ಕೊನೆಯದನ್ನೇ ‘ಇನ್ ದ ಲಾಂಗ್ ಟರ್ಮ್’ ಅಂತ ಬಳಸಿದಾಗ ಗೀಟಿಲ್ಲ, ಯಾಕೆಂದರೆ ಅಲ್ಲಿ ‘ಟರ್ಮ್’ ತಾನೇ ನಾಮಪದ. ‘ಲಾಂಗ್-ಲಾಸ್ಟಿಂಗ್’ ಮಾತ್ರ ನಾಮಪದದ ಆಚೆ ಬಂದಾಗಲೂ ಗೀಟು ಉಳಿಸಿಕೊಳ್ಳುತ್ತದೆ: ‘ದ ಎಫೆಕ್ಟ್ ಈಸ್ ಲಾಂಗ್-ಲಾಸ್ಟಿಂಗ್.’ ನಿಘಂಟಿನಲ್ಲೇ ಅದು ಗೀಟು ಸಮೇತ ಹುಟ್ಟಿದ ಪದ. ‘ಲಾಂಗ್-ಸ್ಟ್ಯಾಂಡಿಂಗ್’ ಅನ್ನು ಕೂಡಿಸಿಯೂ ಬರೆಯುತ್ತಾರೆ. ‘ಲಾಂಗ್‌ಟೈಮ್’ ಅಮೆರಿಕದಲ್ಲಿ ಕೂಡಿಕೊಂಡೇ ಬಿಟ್ಟಿದೆ. ‘ಲೈಫ್‌ಲಾಂಗ್’ ಎಲ್ಲ ಕಡೆ ಒಂದೇ ಪದ. ‘ಎವರ್‌ಲಾಸ್ಟಿಂಗ್’ ಕೂಡ.

ನಮ್ಮ ವ್ಯಾಕರಣದಲ್ಲಿ ಇದು ಸಮಾಸ. ‘ಹಿರಿದು’ ‘ಬಾಗಿಲು’ ಸೇರಿ ‘ಹೆಬ್ಬಾಗಿಲು’ ಆದಾಗ ನಾವು ಗೀಟು ಹಾಕಲಿಲ್ಲ, ಅಕ್ಷರವನ್ನೇ ಕರಗಿಸಿ ಬೆಸೆದೆವು. ಇಂಗ್ಲಿಷಿನವರು ಮೊದಲು ಗೀಟು ಹಾಕಿ ನಿಶ್ಚಿತಾರ್ಥ ಮಾಡುತ್ತಾರೆ, ಹತ್ತಾರು ವರ್ಷ ಬಿಟ್ಟು ಮದುವೆ.

ತರಗತಿಯಲ್ಲಿ ನನಗೆ ಹೆಚ್ಚು ಕಾಟ ಕೊಟ್ಟದ್ದು ಲಾಸ್ಟಿಂಗೂ ಅಲ್ಲ ಸ್ಟ್ಯಾಂಡಿಂಗೂ ಅಲ್ಲ. ‘ಎ ಫೈವ್ ಇಯರ್ಸ್ ಓಲ್ಡ್ ಬಾಯ್’. ಪ್ರತಿ ವರ್ಷ, ಪ್ರತಿ ಸೆಕ್ಷನ್. ‘ಫೈವ್-ಇಯರ್-ಓಲ್ಡ್ ಬಾಯ್’ ಅಂತ ಬರೆಯಬೇಕು, ನಡುವೆ ‘ಎಸ್’ ಬೇಡ. ‘ದ ಬಾಯ್ ಈಸ್ ಫೈವ್ ಇಯರ್ಸ್ ಓಲ್ಡ್’ ಅಂದಾಗ ಮಾತ್ರ ಎಸ್. ‘ಫೈವ್-ಇಯರ್ ಪ್ಲಾನ್’, ‘ಟೂ-ಅವರ್ ಎಕ್ಸಾಮ್’, ‘ಟೆನ್-ಡೇ ಫೆಸ್ಟಿವಲ್’.

ಪಿಜಿ_ರೂಮ್_ನಂ_12

ಮೇಷ್ಟ್ರೇ, ‘ಐದು’ ಅಂದ ಮೇಲೆ ಬಹುವಚನ ಅಲ್ವಾ? ಎಸ್ ಯಾಕೆ ಬೇಡ? ರೂಲ್ಸ್ ಅಂತ ಹೇಳಬೇಡಿ ಪ್ಲೀಸ್, ಕಾರಣ ಹೇಳಿ.

ಹೆಡ್‌ಮೇಷ್ಟ್ರು_ರಿಟೈರ್ಡ್

ಒಳ್ಳೆಯ ಪ್ರಶ್ನೆ. ನಾನು ನೌಕರಿಯಲ್ಲಿದ್ದಾಗ ಯಾವ ಹುಡುಗನೂ ಕೇಳಲಿಲ್ಲ, ಕೇಳಿದ್ದರೆ ಆಗ ನನಗೂ ಗೊತ್ತಿರಲಿಲ್ಲ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಅಳತೆ ಹೇಳುವಾಗ ಸಂಖ್ಯೆಯ ಪಕ್ಕದ ಪದಕ್ಕೆ ಷಷ್ಠಿಯ ಬಹುವಚನ ಬರುತ್ತಿತ್ತು, ಅದರ ಕೊನೆಯಲ್ಲಿ ‘ಎಸ್’ ಇರಲಿಲ್ಲ, ಒಂದು ‘ಅ’ ಇತ್ತು. ಕಾಲ ಕಳೆದಂತೆ ಆ ‘ಅ’ ಸವೆದುಹೋಯಿತು. ಉಳಿದದ್ದು ನೋಡಲು ಏಕವಚನದ ಹಾಗೆ ಕಾಣುವ ರೂಪ. ‘ಸಿಕ್ಸ್-ಫುಟ್ ಮ್ಯಾನ್’ ಅನ್ನೋದು ಹಾಗೆ ಬಂತು. ಹದಿನೈದು ದಿನಕ್ಕೆ ‘ಫೋರ್ಟ್‌ನೈಟ್’ ಅಂತೀವಲ್ಲ, ಅದು ಹದಿನಾಲ್ಕು ರಾತ್ರಿ ಅನ್ನುವ ಹಳೆಯ ಮಾತು ಸವೆದದ್ದು. ಅಲ್ಲೂ ‘ನೈಟ್ಸ್’ ಇಲ್ಲ ನೋಡಿ.

ತಮಾಷೆ ಅಂದರೆ ಕನ್ನಡದವರಿಗೆ ಇದು ಕಷ್ಟವೇ ಆಗಬಾರದಿತ್ತು. ‘ಹದಿನಾಲ್ಕು ವರ್ಷದ ವನವಾಸ’, ‘ಮೂರು ದಿನದ ಸಂತೆ’, ‘ಆರಡಿ ಆಳು’. ನಮ್ಮ ಬಾಯಲ್ಲಿ ಇದೆಲ್ಲ ಏಕವಚನವೇ. ಬರವಣಿಗೆಯಲ್ಲಿ ‘ವರ್ಷಗಳ’ ಅಂತ ಬರೆದರೂ ಅಜ್ಜಿ ಕತೆ ಹೇಳುವಾಗ ‘ವರ್ಷದ’ ಅಂತಲೇ ಹೇಳೋದು. ಆ ಕಿವಿಯನ್ನು ಇಂಗ್ಲಿಷಿಗೂ ಇಟ್ಟಿದ್ದರೆ ಸಾಕಿತ್ತು. ನಾವು ಮೇಷ್ಟ್ರುಗಳು ‘ಒಂದಕ್ಕಿಂತ ಜಾಸ್ತಿ ಇದ್ದರೆ ಎಸ್’ ಅಂತ ಬೆತ್ತ ಹಿಡಿದು ಕಲಿಸಿ ಆ ಕಿವಿಯನ್ನೇ ಕೆಡಿಸಿದೆವು.

ದೊಡ್ಡಾಲದ_ನೆರಳು

ಹಾಗಾದರೆ ರಾಮೋಹಳ್ಳಿ ಹತ್ತಿರದ ನಮ್ಮ ದೊಡ್ಡ ಆಲದ ಮರ ‘ಫೋರ್-ಹಂಡ್ರೆಡ್-ಇಯರ್-ಓಲ್ಡ್ ಟ್ರೀ’. ಆದರೆ ‘ಸೆಂಚುರೀಸ್-ಓಲ್ಡ್ ಟ್ರೀ’ ಅಂತಲೂ ನೋಡಿದ್ದೇನೆ. ಅಲ್ಲಿ ಎಸ್ ಹೇಗೆ ಬಂತು?

ಡೆಸ್ಕ್_ರಾತ್ರಿಪಾಳಿ

ಸಂಖ್ಯೆ ಇದ್ದರೆ ಎಸ್ ಇಲ್ಲ, ಸಂಖ್ಯೆ ಇಲ್ಲದಿದ್ದರೆ ಎಸ್ ಇದೆ. ‘ಸೆಂಚುರಿ-ಓಲ್ಡ್’ ಅಂದರೆ ಒಂದೇ ಶತಮಾನ ಆಗಿಬಿಡುತ್ತೆ. ಹಲವು ಅಂತ ತೋರಿಸೋಕೆ ‘ಸೆಂಚುರೀಸ್-ಓಲ್ಡ್’, ‘ಡೆಕೇಡ್ಸ್-ಲಾಂಗ್’. ಮೈಸೂರು ದಸರಾವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದರು. ಅದು ‘ಫೋರ್-ಸೆಂಚುರಿ-ಓಲ್ಡ್ ಟ್ರೆಡಿಷನ್’ ಅಂತಲೂ ಆಗುತ್ತೆ, ‘ಸೆಂಚುರೀಸ್-ಓಲ್ಡ್ ಟ್ರೆಡಿಷನ್’ ಅಂತಲೂ ಆಗುತ್ತೆ.

ಪಿಜಿ_ರೂಮ್_ನಂ_12

‘ಹಂಡ್ರೆಡ್ ಇಯರ್ಸ್ ವಾರ್’ ಅಂತ ಪುಸ್ತಕದಲ್ಲಿ ಓದಿದ್ದೇನೆ. ಸಂಖ್ಯೆಯೂ ಇದೆ, ಎಸ್ಸೂ ಇದೆ. ಸಿಕ್ಕಿಬಿದ್ದಿರಿ.

ಹೆಡ್‌ಮೇಷ್ಟ್ರು_ರಿಟೈರ್ಡ್

ಸಿಕ್ಕಿಬೀಳಲಿಲ್ಲ ಮಗೂ. ಅದರ ಕೊನೆಯಲ್ಲಿ ಮೇಲೆ ಒಂದು ಕೊಂಬು ಇದೆ, ಅಪಾಸ್ಟ್ರಫಿ. ಅದು ‘ನೂರು ವರ್ಷಗಳ ಯುದ್ಧ’ ಅನ್ನುವ ಷಷ್ಠಿ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧಕ್ಕೂ ಹಾಗೇ. ಆದರೆ 1967ರಲ್ಲಿ ಇಸ್ರೇಲಿಗೂ ಅರಬ್ ದೇಶಗಳಿಗೂ ನಡೆದದ್ದು ‘ಸಿಕ್ಸ್-ಡೇ ವಾರ್’. ಗೀಟು ಇದೆ, ಎಸ್ ಇಲ್ಲ. ಎರಡು ದಾರಿಯೂ ಸರಿ, ಎರಡನ್ನೂ ಬೆರೆಸಿದರೆ ಮಾತ್ರ ತಪ್ಪು. ಆಫೀಸಿನವರಿಗೆ ಹೇಳೋದಾದರೆ, ‘ಟೂ ವೀಕ್ಸ್ ನೋಟಿಸ್’ಗೆ ಕೊಂಬು ಬೇಕು, ‘ಟೂ-ವೀಕ್ ನೋಟಿಸ್’ಗೆ ಗೀಟು ಬೇಕು.

ಅಂದಹಾಗೆ ನೂರು ವರ್ಷದ ಯುದ್ಧ ನಡೆದದ್ದು 1337ರಿಂದ 1453ರವರೆಗೆ. ಲೆಕ್ಕ ಹಾಕಿ, 116 ವರ್ಷ. ಹೆಸರಿಟ್ಟವರು ಗಣಿತದ ಮೇಷ್ಟ್ರಲ್ಲ.

ಬರ್ಲಿನ್_ಬಿಸಿಬೇಳೆ

ಜರ್ಮನಿಯಿಂದ ಒಂದು ಮಾತು. ಇಲ್ಲಿಗೆ ಬಂದು ಭಾಷೆ ಕಲಿಯುವಾಗ ನನಗೆ ತುಂಬಾ ಖುಷಿ ಕೊಟ್ಟ ಪದ ‘ಲಾಂಗ್‌ಯೇರಿಶ್’. ಉದ್ದ ಮತ್ತು ವರ್ಷ ಸೇರಿದ ಪದ. ‘ಬಹುವರ್ಷದ’ ಅಂತ. ಹಳೇ ನೌಕರ, ಹಳೇ ಗಿರಾಕಿ, ಹಳೇ ಸ್ನೇಹಿತ ಎಲ್ಲಕ್ಕೂ ಇದೇ. ಬಾಳಿಕೆ ಬರುವ ವಸ್ತುವಿಗೆ ಬೇರೆ ಪದ, ‘ಲಾಂಗ್‌ಲೇಬಿಶ್’, ಉದ್ದ ಬಾಳುವಂಥದ್ದು. ಕನ್ನಡದಲ್ಲಿ ‘ಬಹುಕಾಲದ’, ‘ಬಾಳಿಕೆ ಬರುವ’ ಅಂತ ನಾವು ಹೇಗೆ ಬೇರೆ ಇಟ್ಟಿದ್ದೇವೋ ಇವರೂ ಹಾಗೇ ಬೇರೆ ಇಟ್ಟಿದ್ದಾರೆ.

ಇನ್ನೊಂದು ವಿಷಯ. ನಾವು ಇಂಗ್ಲಿಷಿನಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ತಪ್ಪು ಮಾಡ್ತೀವಲ್ಲ, ಜರ್ಮನರೂ ಅದೇ ತಪ್ಪು ಮಾಡುತ್ತಾರೆ! ಕಾರಣವೂ ಒಂದೇ. ನಮ್ಮ ‘ಇಂದ’ ಎರಡೂ ಕೆಲಸ ಮಾಡುತ್ತೆ: ‘2019ರಿಂದ’ ಅಂತಲೂ ಅಂತೀವಿ, ‘ಐದು ವರ್ಷದಿಂದ’ ಅಂತಲೂ ಅಂತೀವಿ. ಅವರ ‘ಜೈಟ್’ ಕೂಡ ಹಾಗೇ. ಇಂಗ್ಲಿಷಿನಲ್ಲಿ ಮಾತ್ರ ಶುರುವಾದ ಕ್ಷಣಕ್ಕೆ ‘ಸಿನ್ಸ್’, ಅವಧಿಗೆ ‘ಫಾರ್’. ನನ್ನ ಆಫೀಸಿನ ಮೀಟಿಂಗಿನಲ್ಲಿ ಒಬ್ಬ ಮಂಡ್ಯದವನು, ಒಬ್ಬ ಹ್ಯಾಂಬರ್ಗಿನವನು ಇಬ್ಬರೂ ‘ಸಿನ್ಸ್ ಟೂ ವೀಕ್ಸ್’ ಅಂತ ಒಬ್ಬರಿಗೊಬ್ಬರು ಆರಾಮಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನಡುವೆ ಕೂತ ಲಂಡನ್ನಿನವನಿಗೆ ಹೊಟ್ಟೆನೋವು.

ಹೆಡ್‌ಮೇಷ್ಟ್ರು_ರಿಟೈರ್ಡ್

‘ಸಿನ್ಸ್ ಲಾಂಗ್’ ಅನ್ನೋದನ್ನೂ ಸೇರಿಸಿಕೊಳ್ಳಿ. ‘ಬಹಳ ದಿನದಿಂದ’ ಅನ್ನೋದರ ನೇರ ಇಳಿಸುವಿಕೆ. ‘ಫಾರ್ ಎ ಲಾಂಗ್ ಟೈಮ್’ ಅಂತ ಬರೆಯಬೇಕು. ‘ಲಾಂಗ್ ಬ್ಯಾಕ್’ ಕೂಡ ನಮ್ಮದೇ ತಯಾರಿಕೆ, ಅವರು ‘ಲಾಂಗ್ ಅಗೋ’ ಅಂತಾರೆ.

ಕೋಲಾರ_ಮಾವು

ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಲಾಂಗ್-ಪೆಂಡಿಂಗ್ ಡಿಮ್ಯಾಂಡ್’ ಅಂತ ಬರುತ್ತಲ್ಲ, ಅದೂ ತಪ್ಪಾ? ಈ ಸಲ ಕೇಳಿಕೊಂಡೇ ಮಾತಾಡ್ತೀನಿ.

ಡೆಸ್ಕ್_ರಾತ್ರಿಪಾಳಿ

ತಪ್ಪಲ್ಲ. ಆದರೆ ಅದು ಭಾರತದಲ್ಲೇ ಜಾಸ್ತಿ ಓಡಾಡುವ ಪದ. ನನಗೆ ಕೇಳಿದರೆ ಬಹಳ ಒಳ್ಳೆಯ ಪದ. ‘ಪೆಂಡಿಂಗ್’ ಅಂದರೆ ಯಾರದೋ ಮೇಜಿನ ಮೇಲೆ ಫೈಲು ಕೂತಿದೆ ಅಂತ. ನಮ್ಮ ಕನ್ನಡದ ‘ನೆನೆಗುದಿಗೆ ಬಿದ್ದ’ ಅನ್ನೋದಕ್ಕೆ ಸರಿಸಾಟಿ. ‘ಲಾಂಗ್-ಸ್ಟ್ಯಾಂಡಿಂಗ್’ನಲ್ಲಿ ಆ ಕಚೇರಿಯ ಧೂಳಿನ ವಾಸನೆ ಇಲ್ಲ.

ಬೆಳಗಾವಿ ಗಡಿ ಜಗಳಕ್ಕೆ ಎರಡನ್ನೂ ಇಟ್ಟು ನೋಡಿ. 1966ರಲ್ಲಿ ಮಹಾಜನ ಆಯೋಗ ಆಯಿತು, 1967ರಲ್ಲಿ ವರದಿ ಬಂತು. ಜಗಳಕ್ಕೆ ‘ಲಾಂಗ್-ಸ್ಟ್ಯಾಂಡಿಂಗ್’. ಅದೇ ವರದಿ ಜಾರಿ ಆಗಬೇಕು ಅನ್ನುವ ಒತ್ತಾಯಕ್ಕೆ ‘ಲಾಂಗ್-ಪೆಂಡಿಂಗ್’. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕು ಅನ್ನೋದು ಕೂಡ ಲಾಂಗ್-ಪೆಂಡಿಂಗ್ ಆಗಿತ್ತು. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371 ಜೆ ವಿಧಿ ಬಂದ ಮೇಲೆ ‘ಪೆಂಡಿಂಗ್’ ಬಿಟ್ಟುಹೋಯಿತು.

ಡೆಸ್ಕಿನಲ್ಲಿ ಹೊಸಬರು ಮಾಡುವ ಇನ್ನೊಂದು ಎಡವಟ್ಟು ಹೇಳಿ ಬಿಡುತ್ತೇನೆ. ಸಾವಿನ ಸುದ್ದಿ. ‘ದೀರ್ಘಕಾಲದ ಅನಾರೋಗ್ಯದಿಂದ ಬಳಲುತ್ತಿದ್ದ’ ಅನ್ನೋದಕ್ಕೆ ಒಬ್ಬ ಹುಡುಗ ‘ಲಾಂಗ್-ಸಫರಿಂಗ್’ ಅಂತ ಬರೆದಿದ್ದ. ಆ ಪದದ ಅರ್ಥ ಬೇರೆ. ಕಿರಿಕಿರಿಯನ್ನು ತುಟಿ ಬಿಚ್ಚದೆ ಸಹಿಸಿಕೊಂಡು ಬಂದವರು ಅಂತ. ಸಾಮಾನ್ಯವಾಗಿ ಅದರ ಮುಂದೆ ಬರೋದು ‘ವೈಫ್’. ಪ್ರಿಂಟಿಗೆ ಹೋಗುವ ಮುಂಚೆ ಸಿಕ್ಕಿತು, ದೇವರು ದೊಡ್ಡವನು.

ಮೈಸೂರು_ಮಸಾಲೆ

ನಮ್ಮ ಮನೆಯಲ್ಲಿ ಲಾಂಗ್-ಸಫರಿಂಗ್ ಹಸ್ಬೆಂಡ್ ಒಬ್ಬರಿದ್ದಾರೆ. ಈ ಸಾಲನ್ನು ಅವರೇ ಟೈಪ್ ಮಾಡ್ತಾ ಇದ್ದಾರೆ.

ಅಕ್ಷರ_ಹುಚ್ಚ

ತಡವಾಗಿ ಬಂದೆ. ಇಷ್ಟೆಲ್ಲ ಪದ ಬಂತು, ‘ಲಾಂಗ್-ಲಿವ್ಡ್’ ಮತ್ತು ‘ಲಾಂಗ್-ರನ್ನಿಂಗ್’ ಬರಲಿಲ್ಲವಲ್ಲ. ಎರಡಕ್ಕೂ ಒಬ್ಬರೇ ಉದಾಹರಣೆ: ನಿಘಂಟು ಸಾರ್ವಭೌಮ ಜಿ. ವೆಂಕಟಸುಬ್ಬಯ್ಯ. 1913ರಲ್ಲಿ ಹುಟ್ಟಿ 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಗಾಗಿ ಅವರು ಲಾಂಗ್-ಲಿವ್ಡ್. ಪ್ರಜಾವಾಣಿಯಲ್ಲಿ ಅವರು ಬರೆದ ‘ಇಗೋ ಕನ್ನಡ’ ಅಂಕಣ ವರ್ಷಗಟ್ಟಲೆ ನಡೆಯಿತು. ಅದು ಲಾಂಗ್-ರನ್ನಿಂಗ್. ಕಂತು ಕಂತಾಗಿ ನಡೆಯುವುದಕ್ಕೆ ‘ರನ್ನಿಂಗ್’ ಸರಿ: ಧಾರಾವಾಹಿ, ನಾಟಕ, ಕೋರ್ಟ್ ಕೇಸು.

ಈ ‘ಲಿವ್ಡ್’ ಅನ್ನು ಹೇಗೆ ಓದಬೇಕು ಅನ್ನೋದು ಮೋಜಿನ ವಿಷಯ. ಹಳೆಯ ಉಚ್ಚಾರ ‘ಲೈವ್ಡ್’. ಯಾಕೆಂದರೆ ಅದು ಬಂದಿದ್ದು ಬಾಳು ಅನ್ನುವ ಕ್ರಿಯಾಪದದಿಂದ ಅಲ್ಲ, ಬದುಕು ಅನ್ನುವ ‘ಲೈಫ್’ ನಾಮಪದದಿಂದ. ಉದ್ದ ಬದುಕುಳ್ಳವ ಅಂತ. ಈಗ ‘ಲಿವ್ಡ್’ ಅಂತಲೇ ಬಹಳ ಜನ ಓದುತ್ತಾರೆ, ಎರಡೂ ನಡೆಯುತ್ತೆ.

‘ಲಾಸ್ಟ್’ ಪದದ ಬೇರು ಇನ್ನೂ ಚೆಂದ. ಚಮ್ಮಾರರು ಚಪ್ಪಲಿ, ಶೂ ಹೊಲಿಯೋಕೆ ಇಟ್ಟುಕೊಳ್ಳುವ ಕಾಲಿನಾಕಾರದ ಮರದ ಅಚ್ಚಿಗೂ ಇಂಗ್ಲಿಷಿನಲ್ಲಿ ‘ಲಾಸ್ಟ್’ ಅಂತಲೇ ಹೆಸರು. ಎರಡೂ ಒಂದೇ ಮೂಲದವು. ಹೆಜ್ಜೆಗುರುತು ಅನ್ನೋದು ಮೂಲದ ಅರ್ಥ. ಹೆಜ್ಜೆ ಹಿಡಿದು ಹೋಗುವುದು, ಆಮೇಲೆ ಬಿಡದೆ ಮುಂದುವರಿಯುವುದು, ಆಮೇಲೆ ಬಾಳುವುದು. ಡೆಸ್ಕಿನವರು ಸುಮ್ನೆ ಚಪ್ಪಲಿ ಉದಾಹರಣೆ ಕೊಟ್ಟರೂ ಸರಿಯಾದ ಕಡೆಯೇ ಕಾಲಿಟ್ಟಿದ್ದಾರೆ!

ನಮ್ಮಲ್ಲೂ ಉದ್ದಕ್ಕೆ ‘ನಿಡು’ ಅನ್ನುವ ಹಳೆಯ ಪದ ಇದೆ. ನಿಡುಸುಯ್ದ ಅಂದರೆ ಉದ್ದ ಉಸಿರು ಬಿಟ್ಟ. ಕೆಲವರು ‘ನಿಡುಗಾಲದ’ ಅಂತ ಬರೆಯುತ್ತಾರೆ. ‘ದೀರ್ಘಕಾಲೀನ’ಕ್ಕಿಂತ ನನಗೆ ಅದು ಇಷ್ಟ. ಬ್ಯಾಂಕಿನವರು ಒಪ್ಪೋದಿಲ್ಲ, ಅವರಿಗೆ ‘ದೀರ್ಘಾವಧಿ ಸಾಲ’ವೇ ಆಗಬೇಕು.

ಪಿಜಿ_ರೂಮ್_ನಂ_12

ಒಂದು ಕೊನೇ ಡೌಟ್. ‘ಮೋರ್ ಲಾಂಗ್-ಲಾಸ್ಟಿಂಗ್’ ಅಂತ ರೆಸ್ಯೂಮಿನಲ್ಲಿ ಹಾಕಬಹುದಾ?

ಹೆಡ್‌ಮೇಷ್ಟ್ರು_ರಿಟೈರ್ಡ್

‘ಲಾಂಗರ್-ಲಾಸ್ಟಿಂಗ್’ ಸಾಕು. ಎಲ್ಲಕ್ಕಿಂತ ಹೆಚ್ಚು ಬಾಳಿದ್ದಕ್ಕೆ ‘ಲಾಂಗೆಸ್ಟ್-ಲಾಸ್ಟಿಂಗ್’. ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಬಲ್ಬು ಉರಿಯುತ್ತಿದೆ, ಅದಕ್ಕೆ ಆ ಪದ ಹಾಕಬಹುದು. ಆದರೆ ರೆಸ್ಯೂಮಿನಲ್ಲಿ ನಿನಗೆ ಆ ಪದ ಯಾಕೆ ಬೇಕಾಯಿತು? ನೀನು ಬಲ್ಬೇ?

ಪಿಜಿ_ರೂಮ್_ನಂ_12

‘ಲಾಂಗ್-ಲಾಸ್ಟಿಂಗ್ ಎಂಪ್ಲಾಯಿ’ ಅಂತ ಹಾಕೋಣ ಅಂತಿದ್ದೆ. ಅಳಿಸಿದೆ.

ಅಕ್ಷರ_ಹುಚ್ಚ

‘ಲಾಂಗ್-ಸರ್ವಿಂಗ್’ ಅಂತ ಇದೆ. ಆದರೆ ಹತ್ತು ತಿಂಗಳ ಅನುಭವಕ್ಕೆ ಅದೂ ಜಾಸ್ತಿಯಾಯಿತು.

ಬರ್ಲಿನ್_ಬಿಸಿಬೇಳೆ

ಒಂದು ತಕರಾರು ಮಾತ್ರ ಉಳಿದಿದೆ. ‘ಲಾಂಗ್-ಲಾಸ್ಟಿಂಗ್ ಡಿಸ್ಪ್ಯೂಟ್’ ಅಂತ ಇಂಗ್ಲಿಷಿನವರೇ ಬರೆದಿದ್ದನ್ನು ನಾನು ನೋಡಿದ್ದೇನೆ. ಪೂರ್ತಿ ತಪ್ಪು ಅನ್ನೋಕಾಗಲ್ಲ ಅಲ್ವಾ?

ಡೆಸ್ಕ್_ರಾತ್ರಿಪಾಳಿ

ಅನ್ನೋಕಾಗಲ್ಲ, ನೀವು ಹೇಳಿದ್ದು ಸರಿ. ಎಷ್ಟು ಕಾಲ ನಡೆಯಿತು ಅಂತ ಅಳತೆ ಹೇಳುವಾಗ, ಅದರಲ್ಲೂ ಮುಗಿದುಹೋದ ವಿಷಯಕ್ಕೆ, ಅದು ನಡೆಯುತ್ತೆ. ‘ಲಾಂಗ್-ಲಾಸ್ಟಿಂಗ್ ಡ್ರಾಟ್’ ಅಂದರೆ ಬಹಳ ಕಾಲ ಎಳೆದ ಬರಗಾಲ. ಆದರೆ ಅರ್ಜಿಯಲ್ಲಿ ನಾವು ಹೇಳಬೇಕಾದ್ದು ಅಳತೆ ಅಲ್ಲ. ‘ಇಷ್ಟು ದಿನವಾದರೂ ನೀವು ಏನೂ ಮಾಡಿಲ್ಲ’ ಅನ್ನೋದು. ಆ ಕುಟುಕು ಇರೋದು ಸ್ಟ್ಯಾಂಡಿಂಗಿನಲ್ಲಿ. ಪೆಂಡಿಂಗ್ ಸೇರಿಸಿದರೆ ಇನ್ನೂ ಜಾಸ್ತಿ ಕುಟುಕುತ್ತೆ.

ನಾಲ್ಕನೇ_ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ ಇಮೇಲ್ ಕಳಿಸಬೇಕು. ಹೊಸ ಕರಡು ಹೀಗಿದೆ, ಒಮ್ಮೆ ನೋಡಿಬಿಡಿ:

‘ವಿ ರೈಟ್ ಅಬೌಟ್ ದ ಲಾಂಗ್-ಸ್ಟ್ಯಾಂಡಿಂಗ್ ಡ್ರೈನೇಜ್ ಪ್ರಾಬ್ಲಮ್ ಇನ್ ಅವರ್ ಸ್ಟ್ರೀಟ್. ಅವರ್ ಟೂ ಅರ್ಲಿಯರ್ ಪಿಟಿಷನ್ಸ್ ಆರ್ ಪೆಂಡಿಂಗ್ ಸಿನ್ಸ್ ಲಾಂಗ್. ವಿ ನೀಡ್ ಎ ಲಾಸ್ಟಿಂಗ್ ಸೊಲ್ಯೂಷನ್.’

ಕೊನೆಯ ಸಾಲಿನ ‘ಲಾಸ್ಟಿಂಗ್’ ನನ್ನದೇ ಐಡಿಯಾ. ಸಮಸ್ಯೆ ಸ್ಟ್ಯಾಂಡಿಂಗ್, ಪರಿಹಾರ ಲಾಸ್ಟಿಂಗ್. ಹೇಗಿದೆ?

ಡೆಸ್ಕ್_ರಾತ್ರಿಪಾಳಿ

ಭೇಷ್! ಅಲ್ಲಿ ‘ಲಾಂಗ್’ ಇಲ್ಲದೆ ಬರೀ ‘ಲಾಸ್ಟಿಂಗ್’ ಹಾಕಿದ್ದು ಇನ್ನೂ ಚೆನ್ನಾಗಿದೆ. ‘ಲಾಸ್ಟಿಂಗ್ ಪೀಸ್’, ‘ಲಾಸ್ಟಿಂಗ್ ಸೊಲ್ಯೂಷನ್’ ಅಂತಲೇ ಬಳಕೆ. ಕಳಿಸಿ.

ಹೆಡ್‌ಮೇಷ್ಟ್ರು_ರಿಟೈರ್ಡ್

ತಡೀರಿ, ಕಳಿಸಬೇಡಿ. ಎರಡನೇ ವಾಕ್ಯದಲ್ಲಿ ‘ಸಿನ್ಸ್ ಲಾಂಗ್’ ಕೂತಿದೆ. ‘ಆರ್ ಪೆಂಡಿಂಗ್’ ಕೂಡ ಬೇಡ. ‘ಹ್ಯಾವ್ ಬೀನ್ ಪೆಂಡಿಂಗ್ ಫಾರ್ ಎ ಲಾಂಗ್ ಟೈಮ್’ ಅಂತ ಮಾಡಿ.

ನಾಲ್ಕನೇ_ಅಡ್ಡರಸ್ತೆ

ಅಯ್ಯೋ, ಕಳಿಸಿಬಿಟ್ಟೆ ಮೇಷ್ಟ್ರೇ.